ಕಾರು ಶೆಡ್ಡಿನಲ್ಲಿ ಮಾವನವರಿಗೆ ರೂಮು: ಹದಿನೈದು ದಿನದ ಕೆಲಸವಾ?

ಪ್ರಶ್ನೆ: ಸರ್, ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. 2004ರಲ್ಲಿ ಕಟ್ಟಿದ ಆರ್‌ಸಿಸಿ ಮನೆ. ಮನೆಯ ಪಶ್ಚಿಮದ ಗೋಡೆಗೆ ಸೇರಿಕೊಂಡು 10 ಅಡಿ ಅಗಲ, 18 ಅಡಿ ಉದ್ದದ ಕಾರು ಶೆಡ್ ಇದೆ. ನಾಲ್ಕಿಂಚಿನ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಸಿಮೆಂಟ್ ಶೀಟು, ಮುಂದೆ ಶಟರ್. ಎತ್ತರ ಮನೆ ಕಡೆ 10 ಅಡಿ, ಆಚೆ ಕಡೆ 8 ಅಡಿ. ನೆಲ ಮನೆಯ ನೆಲಕ್ಕಿಂತ ಒಂದೂವರೆ ಅಡಿ ತಗ್ಗು. ಹೊಸ ಕಾರು ಒಳಗೆ ಹೋದರೆ ಬಾಗಿಲು ತೆಗೆಯೋಕಾಗಲ್ಲ, ಹಾಗಾಗಿ ಅಂಗಳದಲ್ಲೇ ನಿಲ್ಲುತ್ತೆ. ಮಾವನವರಿಗೆ 78 ವರ್ಷ, ಮಂಡಿ ನೋವು, ಮಹಡಿ ಮೇಲಿನ ರೂಮಿಗೆ ಹತ್ತಿ ಇಳಿಯೋದು ಕಷ್ಟ. ಶೆಡ್ಡನ್ನು ಅವರಿಗೆ ಅಟ್ಯಾಚ್ಡ್ ಬಾತ್‌ರೂಮಿರುವ ರೂಮು ಮಾಡಿ, ಹಿಂದೆ ಸ್ವಲ್ಪ ಜಾಗದಲ್ಲಿ ವಾಷಿಂಗ್ ಮೆಷಿನ್ ಇಡೋಣ ಅಂತ ಯೋಚನೆ. ಈಗ ಮೆಷಿನ್ ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಅಕ್ಕಿ ಚೀಲ, ಹಳೆ ಸಾಮಾನಿನ ಜೊತೆ ಇದೆ. ಉಗ್ರಾಣ 9ಕ್ಕೆ 11, ಹಿತ್ತಲ ಕಡೆ ಒಂದು ಕಿಟಕಿ ಇದೆ, ಬಚ್ಚಲಿಗೆ ಹೊಂದಿಕೊಂಡಿದೆ. ಮೇಸ್ತ್ರಿ "ಶಟರ್ ಕಿತ್ತು ಗೋಡೆ ಕಟ್ಟಿ ಟೈಲ್ಸ್ ಹಾಕಿದ್ರೆ ಹದಿನೈದು ದಿನದ ಕೆಲಸ" ಅಂತಾರೆ. ಮಳೆ ಸ್ವಲ್ಪ ಬಿಟ್ಟ ಕೂಡಲೇ ಶುರು ಮಾಡಬಹುದಾ?

ಉತ್ತರ: ನಮಸ್ಕಾರ. ಶುರು ಮಾಡಬೇಡಿ. ಶೆಡ್ ಉಪಯೋಗಕ್ಕೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ, ಆದರೆ ಮಾವನವರು ಮಲಗುವುದಕ್ಕಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಹದಿನೈದು ದಿನದಲ್ಲಿ ಗೋಡೆ ಏಳುತ್ತದೆ, ಟೈಲ್ಸ್ ಕೂರುತ್ತದೆ, ಬಣ್ಣ ಹೊಡೆದು ಮಂಚ ಹಾಕಿದರೆ ನೋಡೋಕೆ ರೂಮೇ. ಜನವರಿಯಿಂದ ಮೇವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಗೊತ್ತಾಗುತ್ತದೆ. ಇದು ನಾನು ಬೇರೆಯವರ ತಪ್ಪು ನೋಡಿ ಹೇಳುವ ಮಾತಲ್ಲ. ಈ ಇಂಜಿನಿಯರ್ ಕೆಲಸಕ್ಕೆ ಬಂದ ಹೊಸದರಲ್ಲಿ ಹೊಸನಗರದ ಕಡೆ ಒಬ್ಬರ ಮನೆಯಲ್ಲಿ ಇಂಥದ್ದೇ ಶೆಡ್ಡಿನ ಹಳೆ ಕಾಂಕ್ರೀಟ್ ನೆಲದ ಮೇಲೆ ನೇರವಾಗಿ ಟೈಲ್ಸ್ ಹಾಕಿಸಿದ್ದೆ. ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು, ಮನೆಯವರು ಹೋಳಿಗೆ ಊಟ ಹಾಕಿ ಕಳಿಸಿದರು. ಜುಲೈ ಕೊನೆಗೆ ಫೋನ್ ಬಂತು. ಹೋಗಿ ನೋಡಿದರೆ ಟೈಲ್ಸಿನ ಸಂದಿಯಲ್ಲೆಲ್ಲ ನೀರು ಜಿನುಗುತ್ತಿದೆ, ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಬಿಳಿ ಉಪ್ಪು ಎದ್ದಿದೆ, ಮಂಚದ ಮೇಲಿನ ಹಾಸಿಗೆ ಎತ್ತಿದರೆ ಅಡಿಯಲ್ಲಿ ಕಪ್ಪು ಬೂಸ್ಟು. ಆ ಟೈಲ್ಸನ್ನು ನನ್ನ ಖರ್ಚಿನಲ್ಲೇ ಕಿತ್ತು ಹಾಕಿಸಿದೆ. ಆಮೇಲಿಂದ ಶೆಡ್ ಅಂದ ಕೂಡಲೇ ಮೊದಲು ನೆಲ, ಗೋಡೆಯ ಬುಡ ನೋಡುತ್ತೇನೆ, ಶಟರ್ ಕಡೆ ಆಮೇಲೆ.

ಮನೆ ಕಟ್ಟುವಾಗ ತಳಪಾಯದ ಮೇಲೆ ಕಾಂಕ್ರೀಟಿನ ಬೆಡ್ ಹಾಕುತ್ತಾರೆ, ತೇವ ಮೇಲೆ ಏರದಂತೆ ತಡೆ ಕೊಡುತ್ತಾರೆ, ನೆಲ ಎತ್ತರಿಸುತ್ತಾರೆ. ಶೆಡ್ ಕಟ್ಟುವಾಗ ಇದ್ಯಾವುದನ್ನೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಕಾರು ಹತ್ತಬೇಕಲ್ವಾ, ಹಾಗಾಗಿ ನೆಲ ಅಂಗಳದ ಮಟ್ಟಕ್ಕೇ ಇರುತ್ತದೆ. ನಮ್ಮ ದೇಶದ ಕಟ್ಟಡ ಸಂಹಿತೆಯೇ ಮನೆಯ ಪ್ಲಿಂತ್, ಅಂದರೆ ಮನೆ ನಿಲ್ಲುವ ಪೀಠ, ಸುತ್ತಲ ನೆಲಕ್ಕಿಂತ ಕನಿಷ್ಠ 450 ಮಿಲಿಮೀಟರ್, ಅಂದರೆ ಒಂದೂವರೆ ಅಡಿ ಎತ್ತರ ಇರಬೇಕು ಅನ್ನುತ್ತದೆ, ಗ್ಯಾರೇಜಿಗೆ 150 ಸಾಕು ಅನ್ನುತ್ತದೆ. ಕಾರಿನ ಟೈರಿಗೆ ಥಂಡಿ ಹಿಡಿಯುವುದಿಲ್ಲ. ಎಪ್ಪತ್ತೆಂಟರ ಮಂಡಿಗೆ ಹಿಡಿಯುತ್ತದೆ.

ಈಗ ನಿಮ್ಮ ಶೆಡ್ಡಿನ ಲೆಕ್ಕ ನೋಡೋಣ. ಜನ ವಾಸ ಮಾಡುವ ಕೋಣೆಗೆ ಸಂಹಿತೆ ಕೇಳುವ ಎತ್ತರ 2.75 ಮೀಟರ್, ಹೆಚ್ಚುಕಡಿಮೆ 9 ಅಡಿ. ಸೂರು ಇಳಿಜಾರಾಗಿದ್ದರೆ ಸರಾಸರಿ ಅಷ್ಟಿರಬೇಕು. ನಿಮ್ಮದು ಒಂದು ಕಡೆ 10, ಇನ್ನೊಂದು ಕಡೆ 8, ಸರಾಸರಿ ಸರಿಯಾಗಿ 9. ಅಂದರೆ ನೆಲ ಒಂದಿಂಚೂ ಎತ್ತರಿಸದೇ ಇದ್ದರೆ ಮಾತ್ರ ಅಳತೆಗೆ ಕೂರುತ್ತದೆ. ನೆಲ ಎತ್ತರಿಸದಿದ್ದರೆ ತೇವ. ತೇವ ಬೇಡ ಅಂತ ಮನೆ ಮಟ್ಟಕ್ಕೆ ಒಂದೂವರೆ ಅಡಿ ಎತ್ತರಿಸಿದರೆ ಆಚೆ ಗೋಡೆಯ ಹತ್ತಿರ ಆರೂವರೆ ಅಡಿ ಉಳಿಯುತ್ತದೆ, ಎತ್ತರದ ಆಳು ಕೈ ಎತ್ತಿದರೆ ಶೀಟು ಮುಟ್ಟುತ್ತದೆ. ಹಾಗಾದರೆ ಶೀಟು ಕಿತ್ತು ಗೋಡೆ ಎತ್ತರಿಸಬೇಕು. ಆ ಗೋಡೆ ನಾಲ್ಕಿಂಚಿನದು, ಅದರ ಕೆಳಗಿನ ತಳಪಾಯ ಎಷ್ಟಿದೆಯೋ ನೋಡಬೇಕು. ಅಷ್ಟೆಲ್ಲ ಮಾಡುವ ಹೊತ್ತಿಗೆ ನೀವು ಹೊಸ ರೂಮು ಕಟ್ಟುವ ಖರ್ಚಿಗೆ ಹಳೆ ಶೆಡ್ಡಿನ ಕಷ್ಟವನ್ನೂ ಸೇರಿಸಿ ಕೊಂಡಂತೆ.

ಅಟ್ಯಾಚ್ಡ್ ಬಾತ್‌ರೂಮು ಅಂದಿರಲ್ಲ, ನನಗೆ ಜಾಸ್ತಿ ಭಯ ಅದರದ್ದೇ. ಕಕ್ಕಸಿನ ಪೈಪು ಸೆಪ್ಟಿಕ್ ಟ್ಯಾಂಕಿನವರೆಗೆ ಇಳಿಜಾರಾಗಿ ಹೋಗಬೇಕು. ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದು ಅಡಿಯಂತೆ ಹಿಡಿದರೂ, ಟ್ಯಾಂಕು 30 ಅಡಿ ದೂರ ಇದ್ದರೆ ಒಂಬತ್ತು ಇಂಚು ಇಳಿತ ಬೇಕು. ನಿಮ್ಮ ಟ್ಯಾಂಕು ಕಟ್ಟಿದ್ದು ಮನೆಯ ಎತ್ತರದ ನೆಲಕ್ಕೆ ಲೆಕ್ಕ ಹಾಕಿ. ಶೆಡ್ ಅದಕ್ಕಿಂತ ಒಂದೂವರೆ ಅಡಿ ಕೆಳಗೆ. ಇನ್ನೊಂದು ವಿಷಯ, ಇದು ಬಯಲುಸೀಮೆಯವರಿಗೆ ಅಷ್ಟು ಗೊತ್ತಾಗುವುದಿಲ್ಲ. ನಮ್ಮಲ್ಲಿ ಜುಲೈ ಹೊತ್ತಿಗೆ ಭೂಮಿಯೇ ನೀರು ಕುಡಿದು ಸಾಕಾಗಿರುತ್ತದೆ, ಇಂಗುಗುಂಡಿಯ ನೀರು ಇಂಗುವುದಿಲ್ಲ. ಗುಂಡಿ ತುಂಬಿದರೆ ನೀರು ಹಿಂದಕ್ಕೆ ಬರುತ್ತದೆ, ಬರುವಾಗ ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ಟ್ರ್ಯಾಪಿನಲ್ಲಿ, ಅಂದರೆ ನೀರು ಇಳಿದುಹೋಗುವ ಬಾಯಿಯಲ್ಲಿ, ಮೇಲೇಳುತ್ತದೆ. ಅದು ಮಾವನವರ ಹೊಸ ಬಾತ್‌ರೂಮೇ ಆಗಿರುತ್ತದೆ.

ಹಾಗಾಗಿ ನನ್ನ ಸಲಹೆ ತಿರುಗುಮುರುಗು. ಅಕ್ಕಿ ಚೀಲ ಬಿಟ್ಟು ಉಳಿದ ಹಳೆ ಸಾಮಾನು, ಮೆಷಿನ್, ಒಗೆಯುವುದು, ಒಣಗಿಸುವುದು ಎಲ್ಲ ಶೆಡ್ಡಿಗೆ. ಉಗ್ರಾಣ ಮಾವನವರಿಗೆ. 9ಕ್ಕೆ 11 ಅಂದರೆ 99 ಚದರಡಿ, ಒಬ್ಬರಿಗೆ ಮಂಚ, ಕುರ್ಚಿ, ಒಂದು ಕಪಾಟು ಆರಾಮಾಗಿ ಹಿಡಿಸುತ್ತದೆ. ಒಣಗಿದ ನೆಲ, ಆರ್‌ಸಿಸಿ ಸೂರು, ಪಕ್ಕದಲ್ಲೇ ಬಚ್ಚಲು, ರಾತ್ರಿ ಎದ್ದರೆ ನಾಲ್ಕು ಹೆಜ್ಜೆ, ಅಡುಗೆಮನೆಯಲ್ಲಿ ಯಾರಾದರೂ ಇದ್ದರೆ ಕರೆದರೆ ಕೇಳಿಸುತ್ತದೆ. ಶೆಡ್ಡಿನಲ್ಲಿ ಮಲಗಿಸಿದರೆ ಮನೆಯಿಂದ ಆಚೆ ಹಾಕಿದರು ಅಂತ ಅವರಿಗೇ ಅನ್ನಿಸಬಹುದು, ಬಾಯಲ್ಲಿ ಹೇಳದೇ ಇರಬಹುದು. ಅದು ನನ್ನ ಇಂಜಿನಿಯರಿಂಗ್ ಅಲ್ಲ ಬಿಡಿ, ಆದರೂ ಹೇಳಿದೆ.

ಇನ್ನು ಶೆಡ್ಡಿನ ಕೆಲಸಕ್ಕೆ ಬರುತ್ತೇನೆ. ಮಳೆಗಾಲದಲ್ಲೇ ಕೇಳಿದ್ದು ಒಳ್ಳೆಯದಾಯಿತು. ಶೆಡ್ಡನ್ನು ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ, ಖರ್ಚೂ ಇಲ್ಲ. ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ತಗೊಳ್ಳಿ, ಒಂದೂವರೆ ಅಡಿ ಚೌಕ ಸಾಕು. ನೆಲ ಒರೆಸಿ ಒಣಗಿಸಿ, ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಮಾರನೇ ದಿನ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ನೀರು ಭೂಮಿಯಿಂದ ಬರುತ್ತಿದೆ. ಹಾಳೆಯ ಮೇಲ್ಭಾಗ ಮಾತ್ರ ಒದ್ದೆ ಇದ್ದರೆ ಅದು ಗಾಳಿಯ ತೇವ, ತಣ್ಣಗಿನ ನೆಲಕ್ಕೆ ತಾಗಿ ಬೆವರಿದ್ದು. ಎರಡಕ್ಕೂ ಮದ್ದು ಬೇರೆ ಬೇರೆ. ಒಂದೇ ಜಾಗದಲ್ಲಿ ಮಾಡಬೇಡಿ, ಮಧ್ಯದಲ್ಲೊಂದು, ಶೆಡ್ಡಿನ ಆಚೆ ಕಡೆಯ ಪಶ್ಚಿಮದ ಗೋಡೆ ಬುಡದಲ್ಲೊಂದು, ಶಟರ್ ಹತ್ತಿರ ಒಂದು ಹಾಕಿ ನೋಡಿ.

ಗೋಡೆಯನ್ನೂ ನೋಡಿ. ತೇವ ಬುಡದಿಂದ ಎರಡು ಮೂರು ಅಡಿವರೆಗೆ ಒಂದೇ ಮಟ್ಟದಲ್ಲಿ ಏರಿ ಅಲ್ಲಿ ಗೆರೆ ಎಳೆದಂತೆ ನಿಂತಿದ್ದರೆ ಅದು ನೆಲದಿಂದ ಹೀರಿದ್ದು. ಬ್ಲಾಕು, ಇಟ್ಟಿಗೆ, ಜಂಬಿಟ್ಟಿಗೆ ಎಲ್ಲಕ್ಕೂ ಸಣ್ಣ ಸಣ್ಣ ತೂತು ಇರುತ್ತವೆ, ದೀಪದ ಬತ್ತಿ ಎಣ್ಣೆ ಏರಿಸಿದ ಹಾಗೆ ನೀರು ಏರುತ್ತದೆ. ಅಲ್ಲೊಂದು ಇಲ್ಲೊಂದು ಕಲೆ, ಅದೂ ಪಶ್ಚಿಮಕ್ಕೆ ಮಾತ್ರ ಇದ್ದರೆ ಎರಚಲು ಗೋಡೆ ದಾಟಿ ಬರುತ್ತಿದೆ. ಮೂಲೆಯಲ್ಲಿ, ಸಾಮಾನು ಒರಗಿಸಿಟ್ಟ ಹಿಂದೆ ಬೂಸ್ಟು ಇದ್ದರೆ ಗಾಳಿ ಆಡುತ್ತಿಲ್ಲ. ನಿಮ್ಮದು ಪಶ್ಚಿಮದ ಗೋಡೆ, ನಾಲ್ಕೇ ಇಂಚು. ಮೂರೂ ಒಟ್ಟಿಗೆ ಸಿಕ್ಕರೂ ನನಗೆ ಆಶ್ಚರ್ಯ ಇಲ್ಲ. ನಮ್ಮ ಹಿಂದಿನವರು ಮಳೆ ಬರುವ ಕಡೆಯ ಗೋಡೆಗೆ ಸೋಗೆ ತಟ್ಟಿ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ.

ಒಳಗಿನ ಕೆಲಸಕ್ಕೆ ಮೊದಲು ಹೊರಗಿನ ನೀರು. ಇದೊಂದನ್ನು ಮಾತ್ರ ಹಿಂದೆ ಮುಂದೆ ಮಾಡಬೇಡಿ. ನಿಮ್ಮ ಶೆಡ್ಡಿನ ಮಾಡು 180 ಚದರಡಿ. ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ, ಜುಲೈನಲ್ಲಿ ಅದೇನು ನಮಗೆ ಹೊಸತಲ್ಲ. ಅಷ್ಟರಲ್ಲೇ ಆ ಶೀಟಿನಿಂದ 1,600 ಲೀಟರಿಗಿಂತ ಜಾಸ್ತಿ ನೀರು ಇಳಿಯುತ್ತದೆ. ಶೀಟಿನ ಇಳಿಜಾರು ಆಚೆ ಗೋಡೆ ಕಡೆಗೆ ಇರುವುದರಿಂದ ಅಷ್ಟೂ ನೀರು ಬೀಳುವುದು ಅದೇ ಪಶ್ಚಿಮದ ಗೋಡೆಯ ಬುಡಕ್ಕೆ. ನೆಲದ ತೇವಕ್ಕೆ ಮದ್ದು ಹುಡುಕುವ ಮೊದಲು ಅಲ್ಲೊಂದು ದೋಣಿ (ಶೀಟಿನ ಅಂಚಿನಲ್ಲಿ ನೀರು ಹಿಡಿಯುವ ಕಾಲುವೆ) ಹಾಕಿಸಿ, ಪೈಪಿನಲ್ಲಿ ಇಳಿಸಿ ದೂರ ಬಿಡಿ. ಗೋಡೆಯ ಹೊರಗೆ ಎರಡೂವರೆ ಅಡಿ ಅಗಲಕ್ಕೆ ಕಾಂಕ್ರೀಟ್ ಹಾಸು ಮಾಡಿಸಿ, ಇಳಿಜಾರು ಹೊರಕ್ಕೆ ಇರಲಿ, ಅದರ ಆಚೆ ಚರಂಡಿ. ವರ್ಷ ವರ್ಷ ಅಂಗಳಕ್ಕೆ ಮಣ್ಣು ಹಾಕಿ ಹಾಕಿ ಗೋಡೆಯ ಬುಡ ಮುಚ್ಚಿಹೋಗಿದ್ದರೆ ಆ ಮಣ್ಣು ತೆಗೆಸಿ. ಹೊರಗಿನ ಸಿಮೆಂಟ್ ಗಾರೆ ಬಿರುಕು ಬಿಟ್ಟಿದ್ದರೆ ಉದುರಿಸಿ ಹೊಸದಾಗಿ ವಾಟರ್‌ಪ್ರೂಫ್ ಹಾಕಿ ಮಾಡಿಸಿ. ಇಷ್ಟು ಮಾಡಿದ ಎಷ್ಟೋ ಮನೆಗಳಲ್ಲಿ ಒಳಗಿನ ತೇವ ಅರ್ಧಕ್ಕರ್ಧ ಇಳಿದದ್ದು ನಾನೇ ನೋಡಿದ್ದೇನೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆ. ಪೇಟೆಯ ನೆಂಟರ ಮನೆಯಲ್ಲಿ ಶೆಡ್ಡನ್ನು ರೂಮು ಮಾಡಿ ಚೆನ್ನಾಗಿದೆ ಅಂತ ನೀವು ನೋಡಿದ್ದರೆ ಅದು ಅಲ್ಲಿಗೆ ಸರಿ.

ಒಳಗೆ ಗೋಡೆ ಒದ್ದೆ ಇದ್ದರೆ ಅದರ ಮೇಲೆ ಟೈಲ್ಸನ್ನೋ ಪಿವಿಸಿ ಪ್ಯಾನೆಲನ್ನೋ ಹೊಡೆಸಬೇಡಿ. ಈಗ ಅದು ಎಲ್ಲ ಕಡೆ ಶುರುವಾಗಿದೆ, ಅಂಗಡಿಯವರು "ತೇವದ ಗೋಡೆಗೆ ಇದೇ ಬೆಸ್ಟ್" ಅಂತ ಕೊಡುತ್ತಾರೆ. ಕಾಣುವುದಿಲ್ಲ ಅಷ್ಟೇ. ಆರುವ ದಾರಿ ಮುಚ್ಚಿದ ನೀರು ಗೋಡೆಯಲ್ಲಿ ಇನ್ನೂ ಮೇಲಕ್ಕೆ ಏರುತ್ತದೆ, ಪ್ಯಾನೆಲಿನ ಹಿಂದೆ ಜಿರಲೆ, ಬೂಸ್ಟು, ಒರಲೆ (ಗೆದ್ದಲು) ಸಂಸಾರ ಹೂಡುತ್ತವೆ.

ಒರಲೆ ಅಂದಾಗ ನೆನಪಾಯಿತು, ಹೊಸ ನೆಲ ಹಾಕುವ ಮೊದಲು ಗೋಡೆ-ನೆಲ ಸೇರುವ ಕಡೆ ಒಂದೊಂದು ಅಡಿಗೆ ತೂತು ಕೊರೆದು ಗೆದ್ದಲಿನ ಮದ್ದು ಬಿಡಿಸಿ, ಆಮೇಲೆ ಆ ಅವಕಾಶ ಇಲ್ಲ. ಗೊತ್ತಿರುವವರ ಕೈಯಲ್ಲೇ ಮಾಡಿಸಿ, ಬಾವಿ ಹತ್ತಿರ ಇದ್ದರೆ ಮೊದಲೇ ಹೇಳಿ. ಮರದ ಬಾಗಿಲು ಚೌಕಟ್ಟು ಅಲ್ಲಿಗೆ ಬೇಡ.

ನೆಲ. ಮನೆ ಮಟ್ಟಕ್ಕೆ ತರಬೇಡಿ, ಅರ್ಧ ಅಡಿ ಎತ್ತರಿಸಿದರೆ ಸಾಕು. ಆಗ ಎತ್ತರ ಒಂದು ಕಡೆ ಒಂಬತ್ತೂವರೆ, ಇನ್ನೊಂದು ಕಡೆ ಏಳೂವರೆ ಉಳಿಯುತ್ತದೆ, ಒಗೆಯುವ ಕೋಣೆಗೆ ಧಾರಾಳ. ಹಳೆ ನೆಲದ ಮೇಲೆ ಎಣ್ಣೆ, ಗ್ರೀಸು ಇಳಿದ ಕಡೆ ಚೆನ್ನಾಗಿ ಕೆತ್ತಿಸಿ ತೊಳೆಸಿ. ಮೇಲೆ ಒಂದೂವರೆ ಇಂಚು ಮರಳು ಹರಡಿ ಸಮ ಮಾಡಿ, ಅದರ ಮೇಲೆ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ. ಅಂಗಡಿಯಲ್ಲಿ ಸಾವಿರ ಗೇಜು ಅಂತ ಕೇಳಿದರೆ ಕೊಡುತ್ತಾರೆ. ಹಾಳೆ ಸೇರುವ ಕಡೆ ಒಂದಡಿ ಒಂದರ ಮೇಲೊಂದು ಬರಲಿ, ಗೋಡೆ ಹತ್ತಿರ ಹೊಸ ನೆಲದ ಮಟ್ಟದವರೆಗೂ ಮಡಚಿ ಮೇಲೆತ್ತಿ. ಕೆಲಸದವರು ಸರಳು ಎಳೆದು, ಬುಟ್ಟಿ ಇಟ್ಟು ಹಾಳೆ ಹರಿಯುತ್ತಾರೆ, ಅವತ್ತು ನೀವೇ ನಿಂತು ನೋಡಿ. ಅದರ ಮೇಲೆ ನಾಲ್ಕಿಂಚು ಕಾಂಕ್ರೀಟು. 180 ಚದರಡಿಗೆ ನಾಲ್ಕಿಂಚು ಅಂದರೆ 60 ಘನ ಅಡಿ, 1:3:6 ಹದದಲ್ಲಿ (ಸಿಮೆಂಟು, ಮರಳು, ಜಲ್ಲಿ) ಏಳೆಂಟು ಚೀಲ ಸಿಮೆಂಟು. ಇಪ್ಪತ್ತು ಚೀಲದ ಲೆಕ್ಕ ಯಾರಾದರೂ ಕೊಟ್ಟರೆ ಯಾಕೆ ಅಂತ ಕೇಳಿ. ಇಳಿಜಾರು 10 ಅಡಿಗೆ ಒಂದೂವರೆ ಇಂಚು, ಚರಂಡಿ ಕಡೆಗೆ, ಮನೆ ಗೋಡೆ ಕಡೆಗಲ್ಲ. ಮೇಲೆ ನುಣುಪು ಟೈಲ್ಸ್ ಬೇಡ, ಸೋಪಿನ ನೀರಿಗೆ ಜಾರುತ್ತದೆ. ಒರಟು ಟೈಲ್ಸಾದರೂ ಆಗಬಹುದು, ನನ್ನನ್ನು ಕೇಳಿದರೆ ಬರೀ ಸಿಮೆಂಟ್ ನೆಲಕ್ಕೆ ರೆಡ್ ಆಕ್ಸೈಡ್ ತಿಕ್ಕಿಸಿದರೂ ಸಾಕು, ಒಗೆಯುವ ಮೂಲೆಗೆ ಒಂದು ಕಡಪ ಕಲ್ಲು.

ಮೆಷಿನ್ನಿನ ನೀರು ಹೋಗೋಕೆ ಎರಡಿಂಚಿನ ಪೈಪು ನೆಲದಿಂದ ಎರಡರಿಂದ ಮೂರಡಿ ಎತ್ತರಕ್ಕೆ ನಿಲ್ಲಿಸಿ, ಅದರೊಳಗೆ ಮೆಷಿನ್ ಪೈಪು ಇಳಿಬಿಡಬೇಕು. ನೆಲದ ಮೇಲೆ ಸುಮ್ನೆ ಬಿಟ್ಟರೆ ಕೆಲವು ಮೆಷಿನ್ನಿನಲ್ಲಿ ತುಂಬುವ ನೀರು ತುಂಬುತ್ತಲೇ ಹೊರಗೆ ಹೋಗುತ್ತದೆ, ಆಮೇಲೆ ಮೆಷಿನ್ ಕೆಟ್ಟಿದೆ ಅಂತ ರಿಪೇರಿಯವರನ್ನು ಕರೆಸುತ್ತೀರಿ. ನೆಲದಲ್ಲಿ ಒಂದು ನಹಾನಿ ಟ್ರ್ಯಾಪ್ ಬೇರೆ ಇರಲಿ. ಈ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡಿ. ಬೇಸಿಗೆಯಲ್ಲಿ ಬಾಳೆ ಬುಡಕ್ಕೆ ಬಿಡಬಹುದು, ಒಂದೇ ಗಿಡಕ್ಕೆ ದಿನಾ ಬೇಡ. ಮಳೆಗಾಲಕ್ಕೆ ಚರಂಡಿಗೆ ತಿರುಗಿಸೋಕೆ ಒಂದು ವಾಲ್ವ್ ಇಡಿಸಿ.

ಒಣಗಿಸುವುದು ನಮ್ಮೂರಿನ ದೊಡ್ಡ ವಿಷಯ, ನಿಮಗೆ ಹೇಳಬೇಕಾಗಿಲ್ಲ. ಐದು ಕೆಜಿ ಬಟ್ಟೆ ಸ್ಪಿನ್ ಆಗಿ ಬಂದ ಮೇಲೂ ಅದರಲ್ಲಿ ಎರಡೂವರೆ, ಮೂರು ಲೀಟರ್ ನೀರು ಇರುತ್ತದೆ. ಅಷ್ಟೂ ಗಾಳಿಗೆ ಸೇರಿಯೇ ಬಟ್ಟೆ ಒಣಗಬೇಕು. ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿ ಒಣಗಿಸಿದರೆ ಆ ನೀರು ಗೋಡೆಗೆ, ಶೀಟಿಗೆ, ಅಕ್ಕಪಕ್ಕದ ಸಾಮಾನಿಗೆ ಹೋಗಿ ಕೂರುತ್ತದೆ. ಅದಕ್ಕೇ ಶೆಡ್ಡನ್ನು ಪೂರ್ತಿ ಮುಚ್ಚಬೇಡಿ ಅನ್ನುತ್ತೇನೆ. ಸೆಕೆ ಮತ್ತು ತೇವ ಎರಡೂ ಇರುವ ಊರಿನಲ್ಲಿ ಕಿಟಕಿ, ಜಾಲಿ ಎಲ್ಲ ಸೇರಿ ನೆಲದ ಆರನೇ ಒಂದು ಭಾಗ ತೆರೆದಿರಬೇಕು ಅಂತ ಸಂಹಿತೆಯ ಲೆಕ್ಕ. ನಿಮಗೆ 30 ಚದರಡಿ. ಶಟರ್ ಇರುವ ಕಡೆ ಮತ್ತು ಅದರ ಎದುರಿನ ಹಿಂದಿನ ಗೋಡೆ, ಎರಡು ಕಡೆ ಹಂಚಿದರೆ ಗಾಳಿ ಹಾದು ಹೋಗುತ್ತದೆ. ಪಶ್ಚಿಮಕ್ಕೆ ತೂತು ಮಾಡಬೇಡಿ, ಎರಚಲಿಗೆ ದಾರಿ ಮಾಡಿಕೊಟ್ಟ ಹಾಗೆ. ಹಿಂದಿನ ಗೋಡೆಯಲ್ಲಿ ಮೇಲ್ಗಡೆ ಒಂದು ಎಕ್ಸಾಸ್ಟ್ ಫ್ಯಾನ್. ಆದರೂ ಆಷಾಢದಲ್ಲಿ ಹೊರಗಿನ ಗಾಳಿಯೇ ಒದ್ದೆ ಬಟ್ಟೆಯಂತಿರುವಾಗ ಇದರಿಂದ ಪೂರ್ತಿ ಒಣಗುತ್ತದೆ ಅಂತ ನಾನು ಹೇಳುವುದಿಲ್ಲ, ವಾಸನೆ ಬರದ ಹಾಗೆ ಆರುತ್ತದೆ. ಶಾಲೆಯ ಸಮವಸ್ತ್ರ, ಟವೆಲು ಬೇಗ ಬೇಕು ಅಂದರೆ ಬಚ್ಚಲ ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ಇವತ್ತಿಗೂ ಸಾಟಿ ಇಲ್ಲ.

ಶಟರ್ ಜಾಗದಲ್ಲಿ ಪೂರ್ತಿ ಗೋಡೆ ಕಟ್ಟಬೇಡಿ ಅನ್ನೋಕೆ ಇನ್ನೊಂದು ಕಾರಣ ಇದೆ. ನಾಲ್ಕಿಂಚಿನ ಸಾಲಿಡ್ ಬ್ಲಾಕಿನ ಗೋಡೆ ಚದರ ಮೀಟರಿಗೆ 200 ಕೆಜಿ ಮೇಲೆ ತೂಗುತ್ತದೆ. 10 ಅಡಿ ಅಗಲ, 7 ಅಡಿ ಎತ್ತರ ಅಂದರೆ ಒಂದೂಕಾಲು ಟನ್ನಿಗಿಂತ ಜಾಸ್ತಿ. ಅಲ್ಲಿ ಕೆಳಗೆ ತಳಪಾಯ ಇಲ್ಲ, ಕಾರು ಹತ್ತುವ ತೆಳ್ಳನೆ ಕಾಂಕ್ರೀಟ್ ಅಷ್ಟೇ. ಅದರ ಮೇಲೇ ಬ್ಲಾಕ್ ಇಟ್ಟುಕೊಂಡು ಹೋದರೆ ಒಂದೆರಡು ಮಳೆಗಾಲಕ್ಕೆ ಗೋಡೆ ಕೂರುತ್ತದೆ, ಹಳೆ ಗೋಡೆ ಸೇರುವ ಕಡೆ ಮೇಲಿಂದ ಕೆಳಗೆ ಸೀಳು ಬಿಡುತ್ತದೆ. ಮೂರಡಿ ಗೋಡೆ ಸಾಕು, ಅದಕ್ಕೂ ಕಾಂಕ್ರೀಟ್ ಒಡೆದು ಗಟ್ಟಿ ನೆಲ ಸಿಗುವವರೆಗೆ ಅಗೆದು ಸಣ್ಣ ತಳಪಾಯ ಹಾಕಿ. ಮೇಲೆ ಕಬ್ಬಿಣದ ಗ್ರಿಲ್, ಸೊಳ್ಳೆ ಜಾಲರಿ, ಒಂದು ಬದಿಗೆ ಬಾಗಿಲು. ಹೊರಗೆ ಮೂರಡಿ ಮುಂದಕ್ಕೆ ಒಂದು ಶೀಟು ಇಳಿಬಿಟ್ಟರೆ ಎರಚಲು ಒಳಗೆ ಬರುವುದಿಲ್ಲ. ಬಾಗಿಲಿನ ಕೆಳಗೆ ಸಂದಿ ಬಿಡಬೇಡಿ, ಕಪ್ಪೆ ಬರುತ್ತದೆ, ಕಪ್ಪೆಯ ಹಿಂದೆ ಹಾವು ಬರುತ್ತದೆ.

ಅಡುಗೆಮನೆಯಿಂದ ಶೆಡ್ಡಿಗೆ ಒಳಗಿಂದಲೇ ದಾರಿ ಬೇಕು ಅನ್ನಿಸಬಹುದು, ಮಳೆಯಲ್ಲಿ ಸುತ್ತಿ ಹೋಗೋಕೆ ಯಾರಿಗೆ ಇಷ್ಟ. ಗೋಡೆ ಒಡೆಯುವ ಮುಂಚೆ ಒಂದು ವಿಷಯ ನೋಡಿ. ಆ ಗೋಡೆಯಲ್ಲಿ ಶೆಡ್ ಕಡೆಗೆ ಕಿಟಕಿ ಇದೆಯಾ? ಇದ್ದು, ಅದು ಮೂರಡಿ ಅಗಲ ಇದ್ದರೆ ನಿಮ್ಮ ಅದೃಷ್ಟ. ಕಿಟಕಿಯ ಮೇಲೆ ಲಿಂಟೆಲ್ (ಮೇಲಿನ ಗೋಡೆಯ ಭಾರ ಹೊರುವ ತೊಲೆ) ಆಗಲೇ ಇದೆ, ಅದರ ಕೆಳಗಿನ ಗೋಡೆ ಮಾತ್ರ ಅಷ್ಟೇ ಅಗಲಕ್ಕೆ ಕತ್ತರಿಸಿದರೆ ಬಾಗಿಲು ಸಿದ್ಧ, ಮೇಲಿನ ಭಾರಕ್ಕೆ ಏನೂ ಆಗುವುದಿಲ್ಲ. ಇಲ್ಲದ ಕಡೆ ಹೊಸದಾಗಿ ಒಡೆಯುವುದಾದರೆ ಮೊದಲು ಲಿಂಟೆಲ್ ಕೂರಿಸಿ, ಅದು ಗಟ್ಟಿಯಾದ ಮೇಲೆ ಕೆಳಗೆ ಒಡೆಯಬೇಕು. ಎಷ್ಟೋ ಕಡೆ ಮೊದಲು ಒಡೆದು ಆಮೇಲೆ ಗಾರೆ ಕಲಸುತ್ತಾರೆ. ಶೆಡ್ಡಿನ ನೆಲ ಎತ್ತರಿಸಿದ ಮೇಲೆ ಮನೆಗೂ ಅದಕ್ಕೂ ವ್ಯತ್ಯಾಸ ಒಂದು ಅಡಿ, ಆರಾರು ಇಂಚಿನ ಎರಡು ಮೆಟ್ಟಿಲು ಸಾಕು. ಆ ಕಿಟಕಿ ಹೋದ ಮೇಲೆ ಅಡುಗೆಮನೆಗೆ ಗಾಳಿ ಬೇರೆ ಕಡೆಯಿಂದ ಬರುತ್ತದಾ ಅಂತಲೂ ಯೋಚಿಸಿ, ಬಾಗಿಲಿನ ಮೇಲ್ಭಾಗ ಜಾಲರಿಯದು ಮಾಡಿಸಬಹುದು.

ಜಾಗ ಸಿಕ್ಕಿತು ಅಂತ ಗ್ಯಾಸ್ ಸಿಲಿಂಡರನ್ನೂ ಶೆಡ್ಡಿಗೆ ಇಳಿಸುವ ಆಲೋಚನೆ ಬಂದೇ ಬರುತ್ತದೆ. ಬೇಡ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹರಿದು ನೆಲದಲ್ಲೇ ನಿಲ್ಲುತ್ತದೆ, ಶೆಡ್ ಮನೆಗಿಂತ ತಗ್ಗು, ಅಲ್ಲೇ ಮೆಷಿನ್ನಿನ ಮೋಟರು, ಸ್ವಿಚ್ಚು. ಇನ್ವರ್ಟರ್ ಬ್ಯಾಟರಿ ಇಡಬಹುದು, ನೀರು ತಾಗದ ಎತ್ತರದಲ್ಲಿ. ಚಾರ್ಜ್ ಆಗುವಾಗ ಅದರಿಂದ ಏಳುವ ಹೈಡ್ರೋಜನ್ ಹಗುರ, ಮೇಲೆ ಹೋಗುತ್ತದೆ, ಹಾಗಾಗಿ ಅದರ ಮೇಲ್ಗಡೆ ಗಾಳಿ ಆಡಬೇಕು. ಗ್ಯಾಸ್ ಗೀಸರ್ ಮುಚ್ಚಿದ ಜಾಗದಲ್ಲಿ ಎಲ್ಲೂ ಬೇಡ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಕರೆಂಟಿನ ವಿಷಯ. ಶೆಡ್ಡಿಗೆ ಈಗ ಒಂದು ಬಲ್ಬು, ಒಂದು ಪ್ಲಗ್ಗು ಇರಬಹುದು. ಆ ವೈರಿಗೇ ಮೆಷಿನ್ ಸಿಕ್ಕಿಸಬೇಡಿ. ಡಿಸ್ಟ್ರಿಬ್ಯೂಷನ್ ಬಾಕ್ಸಿನಿಂದ ಬೇರೆಯಾಗಿ 2.5 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿಯರ್ ಎಂಸಿಬಿ, ಸರಿಯಾದ ಅರ್ತಿಂಗ್. ಒದ್ದೆ ಕಾಲಲ್ಲಿ ನಿಂತು ಸ್ವಿಚ್ ಮುಟ್ಟುವ ಜಾಗ ಇದು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಕಡಿದುಬಿಡುವ ಸ್ವಿಚ್ಚು) ಕಡ್ಡಾಯ ಅಂತಲೇ ತಿಳಿಯಿರಿ, ಬೇರೆ ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ. ಗೀಸರ್ ಬೇರೆ ಸೇರಿಸುವುದಾದರೆ ಮೆಸ್ಕಾಂ ಮಂಜೂರು ಮಾಡಿದ ಲೋಡ್ ಎಷ್ಟಿದೆ ಅಂತ ಬಿಲ್ಲಿನಲ್ಲಿ ನೋಡಿ.

ಶೀಟಿನ ಬಗ್ಗೆ ಒಂದು ಮಾತು. ಆ ಕಾಲದ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಸುಮ್ಮನೆ ಇದ್ದರೆ ಅಷ್ಟು ತೊಂದರೆ ಇಲ್ಲ, ಕೊರೆದಾಗ, ಕತ್ತರಿಸಿದಾಗ, ಉಜ್ಜಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ನಮ್ಮ ಕಡೆ ಬೇಸಿಗೆಯಲ್ಲಿ ಶೀಟಿನ ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆದು ಗುಡಿಸುವ ಅಭ್ಯಾಸ ಇದೆ, ದಯವಿಟ್ಟು ನಿಲ್ಲಿಸಿ. ಫ್ಯಾನಿಗೆ, ಪೈಪಿಗೆ ಅಂತ ತೂತು ಕೊರೆಸಬೇಡಿ, ಫ್ಯಾನ್ ಗೋಡೆಗೆ ಹಾಕಿ. ಬದಲಿಸುವ ದಿನ ಬಂದರೆ ನೀರು ಹಾಕಿ ನೆನೆಸಿ, ಒಡೆಯದೆ ಇಡೀ ಶೀಟು ಇಳಿಸಬೇಕು. ಯಾರೂ ಮಲಗದ ಕೋಣೆಯಾದರೆ ಆ ಖರ್ಚು ಈಗಲೇ ಬೇಕಾಗಿಲ್ಲ.

ಪಂಚಾಯಿತಿಗೆ ಹೋಗಬೇಕಾ ಅಂತ ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಹೊಸ ಕಟ್ಟಡಕ್ಕೆ ಮಾತ್ರ ಅಲ್ಲ, ಇರುವುದನ್ನು ಬದಲಿಸೋಕೆ, ಅದಕ್ಕೆ ಸೇರಿಸೋಕೆ ಕೂಡ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಗ್ರಿಲ್ ಹಾಕಿ ಮೆಷಿನ್ ಇಡುವಷ್ಟಕ್ಕೆ ಯಾರೂ ತಕರಾರು ಮಾಡಲಿಕ್ಕಿಲ್ಲ, ಆದರೂ ಗೋಡೆ ಕಟ್ಟುವ ಮೊದಲು ಒಂದು ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿಟ್ಟುಕೊಳ್ಳಿ. ಶಿವಮೊಗ್ಗ ಪೇಟೆಯಲ್ಲಿರುವವರು ಇದನ್ನು ಓದುತ್ತಿದ್ದರೆ ಇನ್ನೂ ಹುಷಾರಾಗಿರಿ. ಅಲ್ಲಿ ಬಹಳ ಶೆಡ್ಡುಗಳು ಸೈಟಿನ ಅಂಚಿನಲ್ಲಿ, ಖಾಲಿ ಬಿಡಬೇಕಾದ ಜಾಗದಲ್ಲೇ ನಿಂತಿರುತ್ತವೆ. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿದ್ದನ್ನು ರೂಮು ಮಾಡಿ ಬಾಡಿಗೆಗೆ ಕೊಟ್ಟರೆ ಮನೆ ಮಾರುವಾಗಲೋ ಬ್ಯಾಂಕ್ ಸಾಲಕ್ಕೆ ಹೋದಾಗಲೋ ಸಿಕ್ಕಿಹಾಕಿಕೊಳ್ಳುತ್ತೀರಿ.

ಯಾವಾಗ ಶುರು? ಮಳೆ ಪೂರ್ತಿ ಹೋಗಲಿ, ದೀಪಾವಳಿ ಕಳೆಯಲಿ. ದೋಣಿಯನ್ನು ಮಾತ್ರ ಒಂದು ಬಿಸಿಲು ಸಿಕ್ಕ ದಿನ ಈಗಲೇ ಹಾಕಿಸಿಬಿಡಿ, ಉಳಿದ ಮಳೆಗಾಲದಲ್ಲಿ ಎಷ್ಟು ವ್ಯತ್ಯಾಸ ಆಯಿತು ಅಂತ ನೋಡೋಕೆ ಸಿಗುತ್ತದೆ. ದೀಪಾವಳಿ ಆದ ಮೇಲೆ ಅಡಿಕೆ ಕೊಯ್ಲು ಶುರು, ಕೂಲಿಯವರು ಸಿಗುವುದಿಲ್ಲ, ಸಿಕ್ಕರೂ ಅರ್ಧ ದಿನಕ್ಕೆ ಸುಲಿಯೋಕೆ ಹೋಗುತ್ತಾರೆ, ಹಾಗಾಗಿ ಮೇಸ್ತ್ರಿಗೆ ಈಗಲೇ ಹೇಳಿ ದಿನ ಗೊತ್ತು ಮಾಡಿಕೊಳ್ಳಿ. ನೆಲ, ಗಾರೆ ಕೆಲಸ ಡಿಸೆಂಬರಿನೊಳಗೆ ಮುಗಿದರೆ ಬಿಸಿಲಿಗೆ ಚೆನ್ನಾಗಿ ಒಣಗುತ್ತದೆ. ಬಣ್ಣ ಮಾರ್ಚಿಗೆ, ಅದಕ್ಕೂ ಮೊದಲು ಬೇಡ.

ಮಾವನವರನ್ನು ಕೆಳಗೆ ಕರೆತರೋಕೆ ಇದ್ಯಾವುದಕ್ಕೂ ಕಾಯಬೇಕಾಗಿಲ್ಲ. ಈ ವಾರವೇ ಉಗ್ರಾಣದ ಹಳೆ ಸಾಮಾನು ಖಾಲಿ ಮಾಡಿ. ಬೇಡದ್ದು ಗುಜರಿಗೆ, ಬೇಕಾದದ್ದು ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ಹಲಗೆ ಇಟ್ಟು ಅದರ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರಕ್ಕೆ. ಅಕ್ಕಿ ಚೀಲ ಶೆಡ್ಡಿಗೆ ಬೇಡ, ಅಡುಗೆಮನೆಯಲ್ಲೇ ಡ್ರಮ್ಮಿನಲ್ಲಿ ಹಾಕಿ ಮುಚ್ಚಳ ಮುಚ್ಚಿ. ಮೆಷಿನ್ ಮಾತ್ರ ಶೆಡ್ ಸಿದ್ಧವಾಗುವವರೆಗೆ ಬಚ್ಚಲ ಹೊರಗೆ ಎಲ್ಲಾದರೂ ನೆನೆಯದ ಕಡೆ ಇರಲಿ, ಬಚ್ಚಲ ಒಳಗೆ ಇಡಬೇಡಿ. ಉಗ್ರಾಣದಿಂದ ಬಚ್ಚಲಿನವರೆಗೆ ಗೋಡೆಗೆ ಎರಡೂಮುಕ್ಕಾಲು ಅಡಿ ಎತ್ತರದಲ್ಲಿ ಒಂದು ಸ್ಟೀಲ್ ಪೈಪಿನ ಹಿಡಿಕೆ ಹಾಕಿಸಿ, ಕಕ್ಕಸಿನ ಪಕ್ಕದಲ್ಲೂ ಒಂದು. ಹಾಕುವಾಗ ಮಾವನವರನ್ನೇ ನಿಲ್ಲಿಸಿ ಕೈ ಎಲ್ಲಿಗೆ ಬರುತ್ತದೆ ನೋಡಿ ಗುರುತು ಮಾಡಿ. ಬಚ್ಚಲ ಹೊಸ್ತಿಲು ಎತ್ತರ ಇದ್ದರೆ ಅದನ್ನೂ ಅದೇ ದಿನ ಇಳಿಸಿಬಿಡಿ. ಮತ್ತೆ, ಕಿತ್ತ ಶಟರ್ ಗುಜರಿಗೆ ಹಾಕಬೇಡಿ, ಒಳ್ಳೆ ಸ್ಥಿತಿಯಲ್ಲಿದ್ದರೆ ಊರಲ್ಲಿ ಅಡಿಕೆ ಗೋದಾಮು ಕಟ್ಟುವವರು ಯಾರಾದರೂ ತಗೊಳ್ಳುತ್ತಾರೆ.